ಆಲ್ಟರ್ ಅಂದರೆ 'ಮುದುಕ'

ನಿಮ್ಮ ಸಹೋದ್ಯೋಗಿ ಮಗನಿಗೆ ಆಲ್ಟರ್ ಅಂತ ಹೆಸರಿಟ್ಟಿದ್ದಾರೆ, ಇದು ಇಂಗ್ಲಿಷಿನ 'ಬದಲಾಯಿಸು' ಅನ್ನೋ ಪದವಾ ಅಂತ ಕೇಳಿದ್ದೀರಿ. ಅಲ್ಲ, ಅದಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಇದು ಪೂರ್ವ ಯುರೋಪಿನ ಯಹೂದಿಗಳ ಭಾಷೆಯಾದ ಯಿಡ್ಡಿಷ್‌ನ ಹೆಸರು, ಅರ್ಥ 'ಮುದುಕ'. ಹೆಣ್ಣು ಮಗುವಾದರೆ ಆಲ್ಟೆ.

ಎಳೆ ಕೂಸಿಗೆ ಮುದುಕ ಅಂತ ಯಾಕೆ ಕರೆಯುತ್ತಾರೆ ಅಂದರೆ, ಪೂರ್ವ ಯುರೋಪಿನ ಯಹೂದಿ ಮನೆಗಳಲ್ಲಿ ಹಿಂದಿನ ಮಕ್ಕಳು ತೀರಿಕೊಂಡಿದ್ದರೆ, ಅಥವಾ ಹುಟ್ಟಿದ ಮಗು ಕಾಯಿಲೆ ಬಿದ್ದರೆ, ಈ ಹೆಸರು ಇಡುತ್ತಿದ್ದರು. ಸಾವಿನ ದೂತ ಮಗುವನ್ನು ಹುಡುಕಿಕೊಂಡು ಬರ್ತಾನೆ, ತೊಟ್ಟಿಲ ಹತ್ತಿರ ಎಲ್ಲರೂ 'ಮುದುಕಾ, ಮುದುಕಾ' ಅಂತ ಕರೀತಿರ್ತಾರೆ, ಅವನು ಮನೆ ತಪ್ಪಿತು ಅಂದುಕೊಂಡು ವಾಪಸ್ ಹೋಗ್ತಾನೆ. ಮಗು ಮುದುಕನಾಗುವಷ್ಟು ಕಾಲ ಬಾಳಲಿ ಅನ್ನೋ ಹಾರೈಕೆಯೂ ಅದರಲ್ಲೇ ಇದೆ. ಅಜ್ಜ ಅನ್ನೋ ಅರ್ಥದ ಝೈಡೆ, ಜೀವ ಅನ್ನೋ ಅರ್ಥದ ಹೀಬ್ರೂ ಹೆಸರು ಖಾಯಿಮ್ ಕೂಡ ಹೀಗೇ ಬಳಕೆಗೆ ಬರುತ್ತಿದ್ದವು. ಕಾಯಿಲೆಯವರ ಹೆಸರು ಬದಲಿಸಿದರೆ ವಿಧಿ ಬದಲಾಗುತ್ತೆ ಅನ್ನೋ ಮಾತು ಯಹೂದಿಗಳ ಪ್ರಾಚೀನ ಧರ್ಮಗ್ರಂಥ ತಾಲ್ಮುದ್‌ನಷ್ಟು ಹಳೆಯದು.

ನಮ್ಮಲ್ಲೂ ಮಕ್ಕಳು ಉಳಿಯದ ಮನೆಯಲ್ಲಿ ಕೂಸನ್ನು ತಿಪ್ಪೆ ಮೇಲೆ ಹೊರಳಿಸಿ ತಿಪ್ಪಯ್ಯ, ತಿಪ್ಪಮ್ಮ ಅಂತ ಕರೆಯುತ್ತಿದ್ದರಲ್ವಾ? ಅದೇ ಲೆಕ್ಕಾಚಾರ. ಆದರೆ ಯಿಡ್ಡಿಷ್‌ನವರದ್ದು ಸ್ವಲ್ಪ ಮರ್ಯಾದೆಯ ಉಪಾಯ ಅನ್ನಿ.

ಹಾಗಂತ ನಿಮ್ಮ ಸಹೋದ್ಯೋಗಿಯ ಮಗುವಿಗೆ ಏನೋ ಕಾಯಿಲೆ ಇತ್ತು ಅಂತ ಅಂದುಕೊಳ್ಳಬೇಡಿ. ಅಶ್ಕೆನಾಝಿ ಯಹೂದಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದವರು, ತೀರಿಕೊಂಡ ಹಿರಿಯರ ಹೆಸರನ್ನು ಮಕ್ಕಳಿಗೆ ಇಡುತ್ತಾರೆ. ಮುತ್ತಜ್ಜ ಯಾರೋ ಆಲ್ಟರ್ ಇದ್ದಿರಬಹುದು, ಸುಮ್ನೆ ಅವರನ್ನೇ ಕೇಳಿ. ಯಿಡ್ಡಿಷ್ ಬರಹಗಾರ, ಫೋಟೊಗ್ರಾಫರ್ ಆಲ್ಟರ್ ಕಾಟ್ಸಿಜ್ನೆ (1885–1941) ಅವರಿಗೂ ಇದೇ ಹೆಸರು.