ಒಬ್ಬ ಮಂತ್ರಿಯ ಸಿದ್ಧಾಂತ ನರಮೇಧವಾಗುವುದು ಹೇಗೆ?

ದ್ವೇಷವೊಂದೇ ಸಾಲದು, ಆದೇಶ, ತಂತಿ (ಟೆಲಿಗ್ರಾಂ), ಅಧಿಕಾರಿಗಳ ವರ್ಗಾವಣೆ ಮೂರೂ ಕೈಯಲ್ಲಿರಬೇಕು. ಒಟ್ಟೋಮನ್ ಗೃಹಮಂತ್ರಿ ತಲಾತ್ ಪಾಷಾನನ್ನು ನೋಡಿ. ಬಾಲ್ಕನ್ ಯುದ್ಧದಲ್ಲಿ ಯುರೋಪಿನ ನೆಲ ಬಹುಪಾಲು ಕೈತಪ್ಪಿದ ಮೇಲೆ, ಅನಟೋಲಿಯಾವಾದರೂ (ಇಂದಿನ ತುರ್ಕಿಯ ಏಷ್ಯಾ ಭಾಗ) ತುರ್ಕರದ್ದಾಗಿಯೇ ಉಳಿಯಬೇಕೆಂಬ ಹಟ ಅವನ ಪಕ್ಷಕ್ಕೆ ಹಿಡಿಯಿತು. 1915ರ ಏಪ್ರಿಲ್ 24ರಂದು ಇಸ್ತಾಂಬುಲ್‌ನಲ್ಲಿ ಕ್ರೈಸ್ತ ಅಲ್ಪಸಂಖ್ಯಾತರಾದ ಅರ್ಮೇನಿಯನ್ನರ ಮುಖಂಡರ ಬಂಧನ ಶುರುವಾಯಿತು. ಮೇ ಕೊನೆಗೆ ಗಡೀಪಾರು ಕಾನೂನು ಬಂತು. ಕಾಗದದಲ್ಲಿ ಅದು ಬರೀ 'ಸ್ಥಳಾಂತರ'. ದಾರಿಯಲ್ಲಿ ಗಂಡಸರನ್ನು ಬೇರ್ಪಡಿಸಿ ಕೊಂದರು. ಹೆಂಗಸರು, ಮಕ್ಕಳನ್ನು ಸಿರಿಯಾದ ಮರುಭೂಮಿಯತ್ತ ನಡೆಸಿದರು. ಸತ್ತವರು ಸುಮಾರು 10 ಲಕ್ಷ. ಅದಕ್ಕೂ ಹೆಚ್ಚೆನ್ನುವ ಅಂದಾಜುಗಳಿವೆ.

ಹಿಂದೆ ಅಂಚೆ-ತಂತಿ ಇಲಾಖೆಯಲ್ಲಿ ದುಡಿದಿದ್ದ ತಲಾತ್ ಮನೆಯಲ್ಲೇ ತಂತಿಯಂತ್ರ ಇಟ್ಟುಕೊಂಡಿದ್ದ. ಎಷ್ಟು ಜನ ಹೊರಟರು, ಎಷ್ಟು ಉಳಿದರು ಎಂದು ಪ್ರಾಂತ್ಯಗಳಿಂದ ಲೆಕ್ಕ ತರಿಸುತ್ತಿದ್ದ.

ನನ್ನ ಪ್ರಕಾರ ನಿಜವಾದ ಕೀಲಿಕೈ ವರ್ಗಾವಣೆ. ಗಡೀಪಾರನ್ನು ವಿರೋಧಿಸಿದ ಅಲೆಪ್ಪೊ ಗವರ್ನರ್ ಜೆಲಾಲ್ ಬೇಯನ್ನು ಕೊನ್ಯಾಕ್ಕೆ ಎತ್ತಂಗಡಿ ಮಾಡಿದರು. ಅಲ್ಲೂ ಬಗ್ಗದಿದ್ದಾಗ ಹುದ್ದೆಯೇ ಹೋಯಿತು. ದಿಯಾರ್‌ಬಕಿರ್‌ನ ಗವರ್ನರ್ ರೆಷಿದ್ (ಓದಿದ್ದು ವೈದ್ಯಕೀಯ!) ಅರ್ಮೇನಿಯನ್ನರಷ್ಟೇ ಅಲ್ಲದೆ ಬೇರೆ ಕ್ರೈಸ್ತರನ್ನೂ ಕೊಲ್ಲಿಸಿದ. ಬೇರೆ ಕ್ರೈಸ್ತರ ಕೊಲೆ ನಿಲ್ಲಿಸೆಂದು ತಲಾತ್‌ನಿಂದ ತಂತಿ ಹೋಯಿತು, ಶಿಕ್ಷೆಯಾಗಲಿಲ್ಲ. ಮುಂದೆ ಅವನಿಗೆ ಅಂಕಾರಾದ ಗವರ್ನರ್‌ಗಿರಿ ಸಿಕ್ಕಿತು.