ಭಯಪಡುವ ಮಗಳಿಗೆ ವಿಶ್ವಾಸ ಕಡಿಮೆಯೆಂದು ಹೇಳಬೇಡಿ

ಪ್ರಶ್ನೆ: ನಾವು ಉಡುಪಿ ಸಮೀಪದ ಕಥೋಲಿಕ ಕುಟುಂಬದವರು. ಗಂಡ ದೋಹಾದಲ್ಲಿ ಕೆಲಸದಲ್ಲಿದ್ದಾರೆ. ಹದಿನೇಳು ವರ್ಷದ ಮಗಳು ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದಲ್ಲಿ ಓದುತ್ತಿದ್ದಾಳೆ. ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದ ಅಂಕ ಕಡಿಮೆಯಾದಂದಿನಿಂದ ಅವಳು ಮೊದಲಿನ ಹಾಗಿಲ್ಲ. ರಾತ್ರಿ ಎರಡು ಗಂಟೆಯಾದರೂ ನಿದ್ದೆಯಿಲ್ಲ, ಬೆಳಿಗ್ಗೆ ಎದ್ದರೆ ಹೊಟ್ಟೆನೋವು. ಸಂಜೆ ಮನೆಯಲ್ಲಿ ತೇರ್ಸ್ (ಜಪಮಾಲೆಯ ಪ್ರಾರ್ಥನೆ) ಹೇಳುವಾಗ, ಮನಸ್ಸು ಬೇರೆಡೆ ಹೋಯಿತು, ಇದು ದೇವರಿಗೆ ಸಲ್ಲುವುದಿಲ್ಲ ಎಂದು ಅದೇ ಹತ್ತು ಮಣಿಗಳನ್ನು ಮತ್ತೆ ಮೊದಲಿನಿಂದ ಹಿಡಿಯುತ್ತಾಳೆ. ತಾನು ಫೇಲಾಗುತ್ತೇನೆ, ಪಪ್ಪನ ದುಡಿಮೆ ವ್ಯರ್ಥವಾಗುತ್ತದೆ, ದೇವರು ತನ್ನ ಮೇಲೆ ಮುನಿದಿದ್ದಾರೆ ಎಂಬುದೇ ಮಾತು. ಒಮ್ಮೆ, ತಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಎಂದೂ ಹೇಳಿದಳು. ನನ್ನ ಅಕ್ಕ ಇದು ವಿಶ್ವಾಸದ ಕೊರತೆ, ಧ್ಯಾನಕೂಟಕ್ಕೆ (ಪ್ರಾರ್ಥನೆ, ಪ್ರಸಂಗಗಳ ಶಿಬಿರಕ್ಕೆ) ಕರೆದುಕೊಂಡು ಹೋಗು ಎನ್ನುತ್ತಾರೆ. ಕಾಲೇಜಿನ ಉಪನ್ಯಾಸಕಿಯೊಬ್ಬರು ಮನೋವೈದ್ಯರಿಗೆ ತೋರಿಸಿ ಎಂದರು. ವೈದ್ಯರ ಬಳಿ ಹೋದರೆ ದೇವರನ್ನು ನಂಬಲಿಲ್ಲವೆಂದಾಗುವುದೇ? ನಾಳೆ ಅವಳ ಮದುವೆಗೆ ಇದೇ ಅಡ್ಡಿಯಾಗುವುದೇ?
— ಒಬ್ಬ ತಾಯಿ

ಉತ್ತರ: ಸಹೋದರಿ, ಪತ್ರದಲ್ಲಿ ನೀವು ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಸಾಗಿದ ಮಾತಿನಿಂದಲೇ ನಾನು ಆರಂಭಿಸಬೇಕಾಗಿದೆ. ತಾನಿಲ್ಲದಿದ್ದರೆ ಎಲ್ಲರಿಗೂ ನೆಮ್ಮದಿ ಎಂದು ಮಗಳು ಹೇಳಿದ್ದನ್ನು ಸಿಟ್ಟಿನ ಮಾತೆಂದು ಬಿಟ್ಟುಬಿಡುವಂತಿಲ್ಲ. ಇಂದೇ ಅವಳ ಪಕ್ಕದಲ್ಲಿ ಕುಳಿತು, ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ತುಂಬಿದಂತಾಗುತ್ತದೆ ಎಂದು ಅನೇಕ ಹೆತ್ತವರು ಅಂಜುತ್ತಾರೆ. ಆದರೆ ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ, ಒಳಗೇ ಇಟ್ಟುಕೊಂಡದ್ದನ್ನು ಹೇಳಿಕೊಳ್ಳಲು ದಾರಿಯಾಗುತ್ತದೆ ಎಂಬುದನ್ನು ಅಧ್ಯಯನಗಳು ತೋರಿಸಿವೆ. ಹೌದು ಎಂದರೆ ಗದರಬೇಡಿ, ಪಾಪವೆಂದು ಬೋಧಿಸಬೇಡಿ. ಅವಳನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ತೋಟಕ್ಕೆಂದು ತಂದಿಟ್ಟ ಕೀಟನಾಶಕ, ಮನೆಯ ಹಿರಿಯರ ಮಾತ್ರೆಗಳು ಬೀಗದೊಳಗಿರಲಿ. ಹೊತ್ತಲ್ಲದ ಹೊತ್ತಿನಲ್ಲಿ ದಿಕ್ಕು ತೋಚದಿದ್ದರೆ ಕೇಂದ್ರ ಸರಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆ.

ಇನ್ನು ನಿಮ್ಮ ಅಕ್ಕನ ಮಾತು. ಅವರು ಮಗುವಿನ ಮೇಲಿನ ಪ್ರೀತಿಯಿಂದಲೇ ಹೇಳಿದ್ದಾರೆ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆತಂಕದಲ್ಲಿ ನವೆಯುತ್ತಿರುವ ಮಗುವಿಗೆ ನಿನ್ನಲ್ಲಿ ವಿಶ್ವಾಸ ಸಾಲದು ಎಂದರೆ, ಪರೀಕ್ಷೆಯ ಭಯದ ಮೇಲೆ ದೇವರ ಭಯವೂ ಸೇರಿಕೊಳ್ಳುತ್ತದೆ. ಮೊದಲು ಒಂದು ವಿಷಯದಲ್ಲಿ ಸೋಲುವ ಹೆದರಿಕೆಯಿದ್ದವಳಿಗೆ ಈಗ ಎರಡು ವಿಷಯಗಳಲ್ಲಿ ಸೋತೆನೆಂಬ ಭಾವನೆ ಬರುತ್ತದೆ. ಆ ತೀರ್ಪಿಗೆ ಬೈಬಲಿನಲ್ಲಿ ಆಧಾರವೂ ಇಲ್ಲ. ಅರಸುಗಳು ಮೊದಲನೆಯ ಗ್ರಂಥದ 19ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಈಜೆಬೆಲ್ ರಾಣಿಯ ಬೆದರಿಕೆಗೆ ಹೆದರಿ ಓಡಿದ ಪ್ರವಾದಿ ಎಲೀಯ ಮರುಭೂಮಿಯ ಒಂದು ಗಿಡದಡಿ ಕುಳಿತು, ಇನ್ನು ಸಾಕು, ನನ್ನ ಪ್ರಾಣವನ್ನು ತೆಗೆದುಕೋ ಎಂದು ಬೇಡುತ್ತಾನೆ. ಅಂಥ ಮಾತು ಆಡಿದ ಪ್ರವಾದಿಯನ್ನು ದೇವರು ಗದರಿಸಲಿಲ್ಲ, ನಿನ್ನ ವಿಶ್ವಾಸ ಎಲ್ಲಿ ಎಂದು ಕೇಳಲಿಲ್ಲ. ದೂತನು ಅವನನ್ನು ತಟ್ಟಿ ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಉಂಡು ಮತ್ತೆ ಮಲಗಲು ಬಿಟ್ಟ. ಎರಡನೆಯ ಬಾರಿ ಎಬ್ಬಿಸಿ, ನಿನ್ನ ಮುಂದಿನ ದಾರಿ ನಿನ್ನ ಶಕ್ತಿಗೆ ಮೀರಿದ್ದು, ಇನ್ನೊಮ್ಮೆ ತಿನ್ನು ಎಂದ. ಹೋರೇಬ್ ಬೆಟ್ಟದಲ್ಲಿ ದೇವರೊಡನೆ ಅವನ ಮಾತುಕತೆ ನಡೆದದ್ದು ಊಟ, ನಿದ್ದೆಗಳಾದ ಮೇಲೆ. ಗೆತ್ಸೆಮನೆಯ ತೋಟದಲ್ಲಿ ಯೇಸುಸ್ವಾಮಿಯೇ ತನ್ನ ಪ್ರಾಣ ಸಾಯುವಷ್ಟು ದುಃಖದಲ್ಲಿದೆ ಎಂದು ಗೆಳೆಯರೆದುರು ಬಾಯಿಬಿಟ್ಟು ಹೇಳಿ, ಜೊತೆಗಿರಿ ಎಂದು ಬೇಡಿದರು. ಅದನ್ನು ವಿಶ್ವಾಸದ ಕೊರತೆಯೆಂದು ಕರೆಯುವ ಧೈರ್ಯ ಯಾರಿಗಿದೆ?

ತೇರ್ಸಿನ ಬಗ್ಗೆ ನೀವು ಬರೆದದ್ದು ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿತು. ಮನೆಯವರೆಲ್ಲರ ಮಣಿ ಮುಂದೆ ಸಾಗಿರುವಾಗ ಇವಳ ಬೆರಳು ಮಾತ್ರ ಹಿಂದಕ್ಕೆ ಸರಿಯುತ್ತದೆ; ಒಂದು ನಮೋ ಮರಿಯದ (ಪ್ರತಿ ಮಣಿಗೆ ಹೇಳುವ ಮರಿಯಮ್ಮನವರ ಪ್ರಾರ್ಥನೆಯ) ನಡುವೆ ನಾಳಿನ ಲ್ಯಾಬ್ ನೆನಪಾಯಿತು, ಹಾಗಾಗಿ ಇಡೀ ಹತ್ತು ಮತ್ತೊಮ್ಮೆ. ನೋಡುವವರಿಗೆ ಇದು ಹೆಚ್ಚಿನ ಭಕ್ತಿಯಂತೆ ಕಾಣುತ್ತದೆ. ಆದರೆ ಅಲ್ಲಿ ನಡೆಯುತ್ತಿರುವುದು ಭಯವನ್ನು ತಣಿಸುವ ಪ್ರಯತ್ನ. ಮರಳಿ ಹೇಳಿದಾಗ ಕ್ಷಣಹೊತ್ತು ಸಮಾಧಾನವಾಗುತ್ತದೆ, ಆ ಸಮಾಧಾನವೇ ಮರುದಿನ ಮತ್ತೆ ಮರಳಿ ಹೇಳುವಂತೆ ಮಾಡುತ್ತದೆ. ಧರ್ಮಸಭೆಗೆ ಈ ತೊಳಲಾಟ ಹೊಸದಲ್ಲ. ಯೇಸುಸಭೆಯನ್ನು (ಜೆಸುಯಿಟ್ ಸಂಘವನ್ನು) ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿದ್ದಾಗ, ಪಾಪನಿವೇದನೆ (ಗುರುಗಳ ಮುಂದೆ ಪಾಪಗಳ ಒಪ್ಪಿಗೆ) ಮಾಡಿದ ಮೇಲೂ ಏನೋ ಬಿಟ್ಟುಹೋಯಿತೆಂದು ಮತ್ತೆ ಮತ್ತೆ ನಿವೇದಿಸುತ್ತ, ನೆಮ್ಮದಿ ಸಿಗದೆ, ಪ್ರಾಣ ಕಳೆದುಕೊಳ್ಳುವ ಯೋಚನೆಯವರೆಗೂ ಹೋಗಿದ್ದರು. ದೇವರು ದಾರಿ ತೋರುವವರೆಗೆ ಉಣ್ಣುವುದಿಲ್ಲವೆಂದು ಕುಳಿತಾಗ ಉಪವಾಸ ಬಿಡಿಸಿದವರು ಅವರ ಪಾಪನಿವೇದನೆ ಕೇಳುತ್ತಿದ್ದ ಗುರುಗಳೇ. ಹಿಂದಿನ ಪಾಪಗಳನ್ನು ಮತ್ತೆ ನಿವೇದಿಸುವುದಿಲ್ಲವೆಂದು ಕೊನೆಗೆ ಇಗ್ನೇಷಿಯಸ್ ನಿರ್ಧರಿಸಿದರು. ಮುಂದೆ ಅವರು ಬರೆದ ನಿಯಮಗಳಲ್ಲಿ ಎರಡು ನಿಮ್ಮ ಮಗಳಿಗೆ ಇಂದಿಗೂ ಒದಗುತ್ತವೆ: ಮನಸ್ಸು ಕತ್ತಲಾದ ಹೊತ್ತಿನಲ್ಲಿ ಹಿಂದಿನ ತೀರ್ಮಾನಗಳನ್ನು ಬದಲಿಸಬಾರದು, ಕಾಡುವ ಯೋಚನೆಗೆ ಗುಟ್ಟೇ ಬಲ, ಆದ್ದರಿಂದ ಅದನ್ನು ನಂಬಿಕಸ್ಥರೊಬ್ಬರ ಮುಂದೆ ಬಿಚ್ಚಿಡಬೇಕು.

ಆದುದರಿಂದ ನಿಮ್ಮ ಚರ್ಚಿನ ಗುರುಗಳಲ್ಲಿ, ಅವಳು ಸಲುಗೆಯಿಂದ ಮಾತನಾಡಬಲ್ಲ ಒಬ್ಬರ ಬಳಿ ಮೊದಲು ನೀವೇ ಹೋಗಿ ವಿಷಯ ತಿಳಿಸಿ. ತೇರ್ಸ್ ಒಮ್ಮೆ ಹೇಳಿದರೆ ಸಾಕು, ಮನಸ್ಸು ಅತ್ತಿತ್ತ ಹೋದರೂ ದೇವರಿಗೆ ಸಲ್ಲುತ್ತದೆ, ಮರಳಿ ಹೇಳಬೇಡ ಎಂಬ ಮಾತನ್ನು ಅವರ ಬಾಯಿಂದ ಕೇಳಿದಾಗ ಅವಳಿಗೆ ಆಗುವ ಬಿಡುಗಡೆ ನಮ್ಮ ನಿಮ್ಮ ಸಮಾಧಾನದಿಂದ ಆಗದು. ನೀವೂ ಮನೆಯಲ್ಲಿ ಅವಳಿಗಾಗಿ ಕಾಯದೆ ಪ್ರಾರ್ಥನೆಯನ್ನು ಮುಂದುವರಿಸಿ. ಕೊನೆಗೆ ಬೆಸಾಂವ್ (ಹಿರಿಯರ ಆಶೀರ್ವಾದ) ಕೇಳಲು ಬಂದಾಗ ತಲೆಯ ಮೇಲೆ ಕೈಯಿಟ್ಟು ಹರಸಿ. ಅಷ್ಟು ಹೊತ್ತಿನಲ್ಲಿ ಬುದ್ಧಿಮಾತು ಬೇಡ.

ನಕಾರಾತ್ಮಕ ಯೋಚನೆಗಳನ್ನು ಎದುರಿಸಲು ಸಂತ ಪೌಲರು ಫಿಲಿಪ್ಪಿಯರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯವನ್ನು ಬಹಳ ಮಂದಿ ಸೂಚಿಸುತ್ತಾರೆ, ಆದರೆ ಚಿಂತೆ ಮಾಡಬೇಡಿ ಎಂಬಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಸೆರೆಯಲ್ಲಿದ್ದುಕೊಂಡು ಆ ಪತ್ರ ಬರೆದ ಪೌಲರು, ನಿಮ್ಮ ಕೋರಿಕೆಗಳನ್ನು ದೇವರಿಗೆ ತಿಳಿಸಿ ಎನ್ನುತ್ತಾರೆ. ಬಳಿಕ ಯಾವುದರ ಮೇಲೆ ಮನಸ್ಸಿಡಬೇಕೆಂದು ಹೇಳುವಾಗ ಮೊದಲು ಹೆಸರಿಸುವುದು ಸತ್ಯವಾದದ್ದನ್ನು. ಎಲ್ಲವೂ ಒಳ್ಳೆಯದೇ ಆಗುತ್ತದೆ ಎಂದು ಬಲವಂತವಾಗಿ ನಂಬಿಸಿಕೊಳ್ಳಲು ಅವರು ಹೇಳಿಲ್ಲ, ಮತ್ತು ಬುದ್ಧಿವಂತಳಾದ ಹುಡುಗಿ ಅಂಥದ್ದನ್ನು ನಂಬುವುದೂ ಇಲ್ಲ. ಮಲಗುವ ಮುನ್ನ ಅವಳು ಒಂದು ನೋಟ್‌ಬುಕ್ಕಿನಲ್ಲಿ ಕಾಡುವ ಯೋಚನೆಯನ್ನು ಇದ್ದಂತೆಯೇ ಬರೆಯಲಿ. ‘ನಾನು ಫೇಲಾದರೆ ಬದುಕೇ ಮುಗಿಯಿತು.’ ಅದರ ಪಕ್ಕದಲ್ಲಿ, ಇದು ಸತ್ಯವೇ ಎಂದು ವಿಚಾರಿಸಿ ತಿಳಿದದ್ದನ್ನು ಬರೆಯಲಿ: ಕಡಿಮೆ ಬಂದದ್ದು ಒಂದು ವಿಷಯದ ಒಂದು ಕಿರುಪರೀಕ್ಷೆಯಲ್ಲಿ; ರಾಜ್ಯದಲ್ಲಿ ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶವಿದ್ದು, ಬಂದವುಗಳಲ್ಲಿ ಉತ್ತಮ ಅಂಕಗಳನ್ನು ಉಳಿಸಿಕೊಳ್ಳಬಹುದು. ಅದರ ಕೆಳಗೆ ತನ್ನದೇ ಮಾತಿನಲ್ಲಿ ಎರಡು ಸಾಲಿನ ಪ್ರಾರ್ಥನೆ. ದೇವರ ಮೇಲೆ ಸಿಟ್ಟಿದ್ದರೆ ಅದನ್ನೂ ಬರೆಯಲಿ. 13ನೇ ಕೀರ್ತನೆ ‘ಇನ್ನೆಷ್ಟು ಕಾಲ’ ಎಂಬ ಪ್ರಶ್ನೆಯನ್ನು ನಾಲ್ಕು ಸಲ ಕೇಳಿಯೇ ಭರವಸೆಯ ಮಾತಿಗೆ ಬರುತ್ತದೆ. ಆ ಪುಸ್ತಕವನ್ನು ಅವಳಾಗಿ ತೋರಿಸಿದ ಹೊರತು ನೀವು ತೆರೆಯಬೇಡಿ.

ಹದಿಹರೆಯದವರಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಫೋನ್ ರಾತ್ರಿ ನಿಮ್ಮ ಕೋಣೆಯಲ್ಲಿರಲಿ, ನಿಮ್ಮ ಫೋನೂ ಅದರ ಜೊತೆಗೇ ಇರಲಿ. ಎದೆ ಹೊಡೆದುಕೊಳ್ಳುವಾಗ ಉಸಿರನ್ನು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡುವುದನ್ನು ಅಭ್ಯಾಸ ಮಾಡಿಸಿ. ಬೇಕಿದ್ದರೆ ಪ್ರತಿ ಉಸಿರಿಗೆ ಯೇಸು ಎಂಬ ಹೆಸರನ್ನಷ್ಟೇ ಹೇಳಿಕೊಳ್ಳಲಿ.

ವೈದ್ಯರ ಬಳಿ ಹೋಗಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ ಸ್ಪಷ್ಟವಾಗಿದೆ: ಹೋಗಿ, ಈ ವಾರವೇ ಹೋಗಿ. ನಿದ್ದೆ ಕೆಟ್ಟಿದೆ, ಹೊಟ್ಟೆನೋವಿದೆ, ಒಂದೇ ಕ್ರಿಯೆಯನ್ನು ಮರುಕಳಿಸುವ ಒತ್ತಡವಿದೆ, ಬದುಕಿನ ಬಗ್ಗೆಯೇ ಬೇಸರದ ಮಾತು ಬಂದಿದೆ. ಇದು ಆತಂಕದ ಕಾಯಿಲೆಯೋ, ಖಿನ್ನತೆಯೋ, ಒಸಿಡಿ ಎಂದು ಕರೆಯುವ ಗೀಳೋ ಎಂಬುದನ್ನು ಪರೀಕ್ಷಿಸಿ ಹೇಳಬೇಕಾದವರು ಮನೋವೈದ್ಯರು. ಮೂರಕ್ಕೂ ಮಾತಿನ ಚಿಕಿತ್ಸೆಯಿದೆ, ಅಗತ್ಯವಿದ್ದರೆ ಔಷಧವಿದೆ. ಮಣಿಪಾಲದಲ್ಲೂ ಮಂಗಳೂರಿನಲ್ಲೂ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯಕೀಯ ವಿಭಾಗಗಳಿವೆ. ಧ್ಯಾನಕೂಟಕ್ಕೆ ಹೋಗುವ ಮನಸ್ಸು ಅವಳಿಗಿದ್ದರೆ ವೈದ್ಯರನ್ನು ಕಂಡ ಮೇಲೆ ಹೋಗಲಿ. ಆದರೆ ಪಾಪ, ಶಿಕ್ಷೆಗಳ ಬಗ್ಗೆ ಗಟ್ಟಿದನಿಯ ಪ್ರಸಂಗಗಳು ಈಗ ಅವಳಿಗೆ ಹಿತವಲ್ಲ ಎಂಬುದು ನನ್ನ ಅಭಿಪ್ರಾಯ, ಮತ್ತು ಔಷಧ ಆರಂಭವಾಗಿದ್ದರೆ ಯಾರು ಹೇಳಿದರೂ ವೈದ್ಯರನ್ನು ಕೇಳದೆ ನಿಲ್ಲಿಸಬಾರದು.

ದೇವರನ್ನು ನಂಬಲಿಲ್ಲವೆಂದಾಗುವುದೇ ಎಂದು ಕೇಳಿದ್ದೀರಿ. ಮಂಗಳೂರಿನ ಕಂಕನಾಡಿಯಲ್ಲಿ 1880ರಲ್ಲಿ ಬಡವರಿಗೆ ಔಷಧ ಹಂಚಲು ಆರಂಭಿಸಿದ ಅಗಸ್ಟಸ್ ಮುಲ್ಲರ್ ಯೇಸುಸಭೆಯ ಗುರುಗಳು. ಬಲಿಪೂಜೆ ಅರ್ಪಿಸಿದ ಕೈಯಲ್ಲೇ ಅವರು ಮದ್ದು ಕೊಟ್ಟರು. ಅವರ ಹೆಸರಿನ ಆ ಸಂಸ್ಥೆಯಲ್ಲಿ ಇಂದು ಮನೋವೈದ್ಯಕೀಯ ವಿಭಾಗವೂ ಇದೆ. ಜ್ವರ ಬಂದಾಗ ಡಾಕ್ಟರರ ಬಳಿ ಹೋಗಿ, ಮನೆಯಲ್ಲಿ ಪ್ರಾರ್ಥನೆಯನ್ನೂ ಮಾಡುವವರು ನಾವೇ ತಾನೆ? ಮದುವೆಯ ಚಿಂತೆಯನ್ನು ಸದ್ಯಕ್ಕೆ ಬದಿಗಿಡಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರವನ್ನು ಗೌಪ್ಯವಾಗಿಡುವುದು ಆಸ್ಪತ್ರೆಯ ಹೊಣೆ. ವಾಡೆಯಲ್ಲಿ (ಚರ್ಚಿನ ನಿಮ್ಮ ವಾರ್ಡಿನಲ್ಲಿ) ಕೇಳಿದವರಿಗೆಲ್ಲ ವಿವರಿಸುವ ಹೊಣೆ ನಿಮಗೂ ಇಲ್ಲ.

ಒಂದು ಕೆಲಸ ಮಾತ್ರ ನಿಮ್ಮಿಂದಲೂ ಆಗದು, ಗುರುಗಳಿಂದಲೂ ಆಗದು, ವೈದ್ಯರಿಂದಲೂ ಆಗದು. ಪಪ್ಪನ ದುಡಿಮೆ ವ್ಯರ್ಥವಾಗುತ್ತದೆ ಎಂಬ ಅವಳ ಭಯಕ್ಕೆ ಉತ್ತರ ಕೊಡಬೇಕಾದವರು ಪಪ್ಪನೇ. ಶುಕ್ರವಾರ ರಜೆಯ ದಿನ ಅವರು ಕರೆ ಮಾಡುವಾಗ ಅಂಕಗಳ ವಿಚಾರ ಎತ್ತದೆ, ತಾನು ದುಡಿಯುವುದು ಅವಳ ಮಾರ್ಕ್ಸ್ ಕಾರ್ಡಿಗಾಗಿ ಅಲ್ಲ, ಅವಳು ಪಾಸಾದರೂ ಫೇಲಾದರೂ ತನ್ನ ಮಗಳೇ ಎಂದು ಅವಳಿಗೆ ನೇರವಾಗಿ ಹೇಳಲಿ. ಅವಳು ಉತ್ತರಿಸದೆ ಫೋನನ್ನು ನಿಮ್ಮ ಕೈಗೆ ಕೊಟ್ಟುಬಿಟ್ಟರೂ ಬೇಸರಿಸದೆ ಮುಂದಿನ ಶುಕ್ರವಾರ ಅದನ್ನೇ ಮತ್ತೊಮ್ಮೆ ಹೇಳಲಿ.