ಪ್ರತಿಕ್ರಿಯೆ: ಆನ್‌ಲೈನ್ ಸೆಮಿನಾರಿನಲ್ಲಿ ಪರದೆ ಹಂಚಿಕೆಯ ತೊಡಕು

ನಮಸ್ಕಾರ. ಗೂಗಲ್ ಮೀಟ್‌ನಲ್ಲಿ ಪ್ರತಿ ವಿದ್ಯಾರ್ಥಿಯೂ ತನ್ನ ಮೊಬೈಲಿನಿಂದ ಪರದೆ ಹಂಚಿಕೊಳ್ಳುವಷ್ಟರಲ್ಲೇ ಸೆಮಿನಾರಿನ ಅರ್ಧ ಅವಧಿ ಕಳೆದುಹೋಗುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ, ಎಲ್ಲರ ಸ್ಲೈಡುಗಳನ್ನೂ ಹಿಂದಿನ ದಿನವೇ ತರಿಸಿಕೊಂಡು, ಹಾಜರಿ ಕ್ರಮದಲ್ಲಿ ಒಂದೇ ಗೂಗಲ್ ಸ್ಲೈಡ್ಸ್ ಕಡತಕ್ಕೆ ಸೇರಿಸಿ, ನೀವೇ ಲ್ಯಾಪ್‌ಟಾಪಿನಿಂದ ತೋರಿಸುವುದು ಮೇಲು. ವಿದ್ಯಾರ್ಥಿ ಮಾತನಾಡುತ್ತಾ ‘ಮುಂದಿನದು’ ಎಂದರೆ ಸಾಕು. ವಿಡಿಯೊ ಇದ್ದರೆ ಇಡೀ ಪರದೆಯ ಬದಲು ಅದು ತೆರೆದಿರುವ ಬ್ರೌಸರ್ ಟ್ಯಾಬನ್ನಷ್ಟೇ ಹಂಚಿಕೊಳ್ಳಿ, ಧ್ವನಿಯೂ ಕೇಳಿಸುತ್ತದೆ. ಮೊಬೈಲಿನಿಂದಲೇ ತೋರಿಸುತ್ತೇನೆಂದು ಹಟ ಹಿಡಿಯುವವರಿಗೆ ಮೊದಲು ನೋಟಿಫಿಕೇಶನ್ ಬಂದ್ ಮಾಡಲು ಹೇಳಿ; ದ್ಯುತಿಸಂಶ್ಲೇಷಣೆಯ ಚಿತ್ರದ ಮೇಲೆ ಮನೆಯವರ ವಾಟ್ಸ್ಆ್ಯಪ್ ಸಂದೇಶ ಇಳಿದುಬಂದು ನನ್ನ ಇಡೀ ತರಗತಿ ನಕ್ಕದ್ದುಂಟು. (ಆ ಹುಡುಗ ಮತ್ತೆ ಮೈಕ್ ಆನ್ ಮಾಡಲು ಎರಡು ವಾರ ಬೇಕಾಯಿತು.) ನೆಟ್‌ವರ್ಕ್ ಕೈಕೊಟ್ಟವರಿಗಾಗಿ ಕಾಯದೆ ಮುಂದಿನವರನ್ನು ಕರೆಯಿರಿ, ಸ್ಲೈಡು ನಿಮ್ಮಲ್ಲೇ ಇರುವುದರಿಂದ ಅವರು ಆಮೇಲೆ ಸಾದಾ ಫೋನ್ ಕರೆಯಲ್ಲಿ, ನಿಮ್ಮ ಮೊಬೈಲಿನ ಸ್ಪೀಕರಿನ ಮೂಲಕ ಮಾತನಾಡಿದರೂ ನಡೆಯುತ್ತದೆ.